ನಡುವಿನ ಪದರ

ಶಿವಗಂಗವ್ವನ ಗಂಟಲಲ್ಲಿ ಸಣ್ಣದೊಂದು ಗಂಟು ಬೆಳೆದಿತ್ತು. ಮಿರಜಿನ ಡಾಕ್ಟರು ಅದನ್ನು ತೆಗೆದರು. ತಾವು ಮತ್ತೆ ನೋಡುವ ತನಕ ಒಂದಕ್ಷರ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು ಎಂದು ತಾಕೀತು ಮಾಡಿ ಮನೆಗೆ ಕಳಿಸಿದರು. ಇಂಥ ಗಂಟು ಹೆಚ್ಚಾಗಿ ದಿನವಿಡೀ ಗಂಟಲು ಹರಿದುಕೊಳ್ಳುವವರಿಗೆ, ಅಂದರೆ ಶಾಲೆ ಮಾಸ್ತರರಿಗೆ, ಸಂತೆಯಲ್ಲಿ ಕೂಗಿ ಮಾರುವವರಿಗೆ ಬರುತ್ತದಂತೆ. ಹಾಗಾಗಿ ಡಾಕ್ಟರು ಮೊದಲೇ ಕೇಳಿದ್ದರು, ನೀವು ಏನು ಕೆಲಸ ಮಾಡುತ್ತೀರಿ ಎಂದು.

"ಏನಿಲ್ರಿ, ಮನ್ಯಾಗ ಇರ್ತೀನಿ" ಎಂದಿದ್ದಳು ಶಿವಗಂಗವ್ವ.

ಪಕ್ಕದಲ್ಲೇ ನಿಂತಿದ್ದ ಸೊಸೆ ರೂಪಾಲಿಗೆ ಆ ಉತ್ತರದಲ್ಲಿ ತಪ್ಪೇನೂ ಕಾಣಲಿಲ್ಲ. ರೂಪಾಲಿ ಶಿವಗಂಗವ್ವನ ತಮ್ಮನ ಮಗಳು. ಹುಟ್ಟಿದಾಗಿನಿಂದ ಅತ್ತೆಯ ಮಡಿಲಲ್ಲೇ ಬೆಳೆದವಳು. ಅತ್ತೆ ಮನೆಯಲ್ಲಿ ಏನು ಕೆಲಸ ಮಾಡುತ್ತಾಳೆ ಎಂಬುದು ಅವಳಿಗೂ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಮಾತ್ರ ತಿಳಿದಿದ್ದಳು.

ಬೇಡಕಿಹಾಳದ ಆ ಮನೆಗೆ ಎರಡು ತುದಿ. ಮುಂಬಾಗಿಲ ಕಟ್ಟೆ ದೊಡ್ಡ ತಮ್ಮ ಧರೆಪ್ಪನದು. ಹಿತ್ತಲಲ್ಲಿ ಎಮ್ಮೆ ಕಟ್ಟುವ ಜಾಗ ಸಣ್ಣ ತಮ್ಮ ಮುರಗೆಪ್ಪನದು, ಅಂದರೆ ರೂಪಾಲಿಯ ಅಪ್ಪನದು. ನಡುವೆ ಉದ್ದನೆಯ ಪಡಸಾಲೆ. ಪಡಸಾಲೆಯ ಗೋಡೆಗೆ ಆನಿಸಿ ಶಿವಗಂಗವ್ವನ ಹಾಸಿಗೆ. ಇಬ್ಬರಿಗೂ ಅಕ್ಕ ಅವಳು. ಉಗಾರ ಬುದ್ರುಕಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಅವಳು ತವರಿಗೆ ಬಂದಳು. ಆಸ್ತಿಯಲ್ಲಿ ತನ್ನ ಹಕ್ಕನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು, ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡಳು. ಮನೆ ಒಂದಾಗಿರುವ ತನಕ ಅವಳಿಗೆ ಜಾಗವಿತ್ತು. ಎರಡಾದರೆ ಎಲ್ಲಿ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಮನೆ ಒಂದೇ ಇತ್ತಲ್ಲ.

ಅಣ್ಣತಮ್ಮಂದಿರ ಮಾತು ನಿಂತದ್ದು ಮೊಬೈಲ್ ಟಾವರಿನಿಂದ. ರೂಪಾಲಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ಕಂಪನಿಯವರು ಇವರ ಕಬ್ಬಿನ ಹೊಲದಲ್ಲಿ ಟಾವರು ನಿಲ್ಲಿಸಲು ಬಂದರು. ಎಲ್ಲಿ ನಿಲ್ಲಿಸೋಣ ಎಂದು ಕೇಳಿದರು. ಧರೆಪ್ಪ ರಸ್ತೆ ಕಡೆಯ ಮೂಲೆ ತೋರಿಸಿದ. ಮುರಗೆಪ್ಪ ಬಾವಿ ಕಡೆಯ ಮೂಲೆ ತೋರಿಸಿದ. ಕಂಪನಿಯವನು ಕೈಯಲ್ಲಿ ಯಾವುದೋ ಯಂತ್ರ ಹಿಡಿದು ಹೊಲವೆಲ್ಲ ಅಡ್ಡಾಡಿ, ಇಬ್ಬರೂ ತೋರಿಸದ ಮೂರನೆಯ ಜಾಗದಲ್ಲಿ ಗೂಟ ಹೊಡೆದ. ತನಗೆ ತಿಳಿಯದ ಹಾಗೆ ಇನ್ನೊಬ್ಬ ಹೋಗಿ ಹೇಳಿ ಬಂದಿದ್ದಾನೆ ಎಂದು ಇಬ್ಬರಿಗೂ ಖಾತ್ರಿಯಾಯಿತು. ಟಾವರು ಎದ್ದಿತು. ಊರಿನವರೆಲ್ಲ ಪುಣೆ, ಮುಂಬಯಿ ಎಂದು ಮನಸಾರೆ ಮಾತಾಡಲು ಶುರು ಮಾಡಿದರು. ಇವರಿಬ್ಬರು ನಿಲ್ಲಿಸಿದರು.

ಹಾಗಂತ ಒಕ್ಕಲುತನ ನಿಲ್ಲುವುದಿಲ್ಲವಲ್ಲ. ನೀರು ಯಾವಾಗ ಬಿಡಬೇಕು, ಕಬ್ಬು ಯಾವಾಗ ಕಡಿಸಬೇಕು, ಎಲ್ಲಕ್ಕೂ ಇಬ್ಬರ ಮಾತು ಬೇಕು. ಇಬ್ಬರ ಹೆಂಡಂದಿರು ಒಲೆಯ ಮುಂದೆ ಚೆನ್ನಾಗಿಯೇ ಇದ್ದರು, ಆದರೆ ಈ ವ್ಯವಹಾರಕ್ಕೆ ಬಾಯಿ ಹಾಕುತ್ತಿರಲಿಲ್ಲ. ಭಾವ, ಮೈದುನರ ಮುಂದೆ ಹೋಗಿ ಮಾತಾಡುವ ಪದ್ಧತಿಯೂ ಆ ಮನೆಯಲ್ಲಿರಲಿಲ್ಲ. ಹೀಗಾಗಿ ಕಟ್ಟೆಯ ಮಾತನ್ನು ಹಿತ್ತಲಿಗೆ, ಹಿತ್ತಲಿನ ಮಾತನ್ನು ಕಟ್ಟೆಗೆ ಮುಟ್ಟಿಸುವುದು ಶಿವಗಂಗವ್ವನ ಪಾಲಿಗೆ ಬಂತು. ವರ್ಷಗಟ್ಟಲೆ ಮುಟ್ಟಿಸಿದಳು. ಗಂಟಲಲ್ಲಿ ಗಂಟು ಬೆಳೆಯದೆ ಇನ್ನೇನಾದೀತು!

ರೂಪಾಲಿ ಕಲಿತು ಇಂಜಿನಿಯರಾಗಿ, ಚಿಕ್ಕೋಡಿಯಲ್ಲಿ ಟಾವರುಗಳನ್ನು ನೋಡಿಕೊಳ್ಳುವ ಕಂಪನಿಗೆ ಸೇರಿದಳು. ರಾಯಬಾಗ, ಅಥಣಿ, ಕಾಗವಾಡ ಎಂದು ಸ್ಕೂಟಿ ಮೇಲೆ ತಿರುಗುವ ಕೆಲಸ. ಒಮ್ಮೆ ಬೆಳಿಗ್ಗೆ ಅತ್ತೆ ಹೊಲಕ್ಕೆ ಬುತ್ತಿ ಕಟ್ಟುತ್ತ ಕೇಳಿದ್ದಳು, "ಟಾವರಿನ್ಯಾಗ ನೀ ಏನ ಮಾಡ್ತಿ? ಹೇಳ ನೋಡೂನು."

ರೂಪಾಲಿಗೆ ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಿದವರು ಯಾರೂ ಇರಲಿಲ್ಲ. ಹುರುಪಿನಿಂದ ಶುರು ಮಾಡಿದಳು. "ಅತ್ತಿ, ಫೋನಿನ್ಯಾಗ ಆಡಿದ ಮಾತು ಹಂಗ ಅರಿವಿ ಇಲ್ದ ಬರಿಮೈಲೆ ಹಾರಿ ಹೋಗಂಗಿಲ್ಲ. ಪದರ ಇರ್ತಾವು. ಈಗ ನೀ ಬುತ್ತಿ ಕಟ್ಟಾಕತ್ತಿ ನೋಡು. ಒಳಗ ರೊಟ್ಟಿ. ಅದು ಮಾತು. ಅದಕ್ಕ ಸುತ್ತಿದ ಮೊದಲಿನ ಪದರ ಏನ ಮಾಡ್ತೈತಿ, ಬ್ಯಾಡಾದ ಭಾರಾ ಕಡಿಮಿ ಮಾಡಿ, ಮಂದಿಗೆ ಕಾಣದಂಗ ಕೀಲಿ ಹಾಕ್ತೈತಿ. ಅದರ ಕೆಳಗಿನ ಪದರ ತುಂಡ ಮಾಡಿ ನಂಬರ ಹಚ್ಚತೈತಿ. ಆ ಕಡೆ ಒಂದ ತುಂಡ ಮುಟ್ಟಲಿಲ್ಲಂದ್ರ ಮತ್ತ ಕಳಸ್ತೈತಿ. ಅದರ ಕೆಳಗಿಂದು ಪಾಳಿ ಹಚ್ಚೂದು."

"ನೀರಿನ ಪಾಳಿ ಹಂಗ?"

"ಅದ ಹಂಗ. ಗಾಳಿ ಒಂದ ಐತಿ, ಫೋನು ಊರತುಂಬ ಅದಾವು. ಈಗ ನಿಂದು, ಈಗ ಅವಂದು ಅಂತ ಪಾಳಿ ಹಚ್ಚಬೇಕು. ಎಲ್ಲಾದಕಿಂತ ಕೆಳಗಿನ ಪದರ ಗಾಳಿಗೆ ಒಗಿಯೂದು. ಅದಕ್ಕ ಏನ ಒಗದೆ ಅಂತ ಗೊತ್ತಿರಂಗಿಲ್ಲ. ಆ ಕಡೆನೂ ಇವ ಪದರ ಇರ್ತಾವು. ಈ ಕಡೆ ಯಾವ ಪದರ ಕಟ್ಟಿರತೈತೋ ಆ ಕಡೆ ಅದ ಪದರ ಬಿಚ್ಚತೈತಿ. ಒಬ್ಬರದ ಗಂಟ ಇನ್ನೊಬ್ಬರು ಮುಟ್ಟಂಗಿಲ್ಲ."

ಶಿವಗಂಗವ್ವ ಬುತ್ತಿಯ ಗಂಟು ಬಿಗಿದಳು. "ಹಂಗಂದ್ರ ಒಳಗ ಏನೈತಿ ಅಂತ ನಡುವಿನವ್ರು ನೋಡಂಗಿಲ್ಲ?"

"ನೋಡಬಾರದು. ಅದ ಮುಖ್ಯ ಕಾಯ್ದೆ."

"ಹಳಸಿದ್ದ ಇದ್ರ?"

"ಹಳಸಿದ್ದ ಇದ್ರೂ ಹಂಗ ಮುಟ್ಟಸಬೇಕು ಅತ್ತಿ."

"ಮತ್ತ ತಿಂದವ್ರ ಹೊಟ್ಟಿ?"

"ಅದು ನಡುವಿನ ಪದರದ ಕೆಲಸಲ್ಲ" ಎಂದು ರೂಪಾಲಿ ನಕ್ಕಳು. ಶಿವಗಂಗವ್ವ ನಗಲಿಲ್ಲ. ಇದಕ್ಕೆ ಇಂಜಿನಿಯರಿಂಗ್ ಯಾಕೆ ಕಲಿಯಬೇಕು ಎಂದು ಗೊಣಗುತ್ತ ಬುತ್ತಿ ಹೊತ್ತು ಹೋದಳು.

ಈಗ ಅತ್ತೆಯ ಗಂಟಲು ಬಂದ್ ಆಯಿತು. ಕಬ್ಬು ಕಡಿಯುವ ಹಂಗಾಮು ಬೇರೆ. ಮಿರಜಿನಿಂದ ಬಂದ ಮರುದಿನವೇ ಕಟ್ಟೆಯ ಮೇಲೆ ಧರೆಪ್ಪ ಚಡಪಡಿಸತೊಡಗಿದ. ಹಿತ್ತಲಲ್ಲಿ ಮುರಗೆಪ್ಪ ಎಮ್ಮೆಗೆ ಬೈಯತೊಡಗಿದ. ರೂಪಾಲಿ ನಾಲ್ಕು ದಿನ ರಜೆ ಹಾಕಿದ್ದಳು. "ನಾ ಮುಟ್ಟಸ್ತೀನಿ, ಬಿಡು ಅತ್ತಿ" ಎಂದಳು. ಇಡೀ ತಾಲೂಕಿನ ಮಾತನ್ನೇ ಸಾಗಿಸುವವಳಿಗೆ ಪಡಸಾಲೆ ದಾಟಿಸುವುದು ಏನು ಮಹಾ!

ಶಿವಗಂಗವ್ವ ಅವಳ ತೋಳು ಹಿಡಿದುಕೊಂಡಳು. ಬೇಡ ಬೇಡ ಎಂದು ಎರಡೂ ಕೈ ಆಡಿಸಿದಳು. ಗೂಟಕ್ಕೆ ತೂಗುಹಾಕಿದ್ದ ಬುತ್ತಿಯ ಅರಿವೆ ತಂದು, ಅದನ್ನು ಗಂಟು ಕಟ್ಟಿ, ಬಿಚ್ಚಿ, ಒಳಗಿನಿಂದ ಏನನ್ನೋ ಹೆಕ್ಕಿ ಹೊರಗೆ ಎಸೆದಂತೆ ಮಾಡಿ, ಮತ್ತೆ ಕಟ್ಟಿ ತೋರಿಸಿದಳು. ಎರಡು ಸಲ ತೋರಿಸಿದಳು. ರೂಪಾಲಿ ಒಳಗೆ ಹೋಗಿ ಹಾಲಿನಲ್ಲಿ ನೆನೆಸಿದ ರೊಟ್ಟಿ ತಂದು ಕೊಟ್ಟಳು. ಶಿವಗಂಗವ್ವ ಹಣೆ ಬಡಿದುಕೊಂಡು ರೊಟ್ಟಿ ತಿಂದಳು.

ಮೊದಲ ಮಾತು ಕಟ್ಟೆಯಿಂದ ಹೊರಟಿತು. "ರೂಪಾ, ಹಿತ್ತಲಾಗ ಕುಂತಾನಲ್ಲ, ಅವಂಗ ಹೇಳು. ಸೋಮವಾರ ಕಾರಖಾನಿ ಟೋಳಿ ಕಬ್ಬ ಕಡ್ಯಾಕ ಬರ್ತೈತಿ. ಅಷ್ಟರಾಗ ಆ ಮಬ್ಬ ಮೋಟಾರ ಚಾಲೂ ಮಾಡಿ ಹೊಲಾ ರಾಡಿ ಎಬ್ಬಿಸಿದ್ರ ಟ್ರ್ಯಾಕ್ಟರ ಸಿಗಬೀಳತೈತಿ. ಹಂಗೇನರ ಆತಂದ್ರ ಟ್ರ್ಯಾಕ್ಟರಿಗೆ ಅವನ್ನ ಹೂಡಿ ಎಳಸ್ತೀನಿ."

ರೂಪಾಲಿ ಪಡಸಾಲೆ ದಾಟಿದಳು. ಹಾಲು ಹಿಂಡುತ್ತ ಕುಳಿತಿದ್ದ ಅಪ್ಪನ ಮುಂದೆ ನಿಂತು, ಒಂದು ಶಬ್ದ ಕೂಡಿಸದೆ, ಒಂದು ಶಬ್ದ ಕಳೆಯದೆ ಒಪ್ಪಿಸಿದಳು. 'ಮಬ್ಬ' ಎಂಬುದನ್ನೂ ಬಿಡಲಿಲ್ಲ. ಟಾವರಿನಲ್ಲಿ ಹೀಗೆ ಇದ್ದದ್ದನ್ನು ಇದ್ದ ಹಾಗೆ ದಾಟಿಸುವ ಒಂದು ವಿಧಾನವೇ ಇದೆ. ಅದರಲ್ಲಿ ಪದರ ತನ್ನದೇನನ್ನೂ ಸೇರಿಸುವುದಿಲ್ಲ. ಅವಳಿಗೆ ಅದು ಎಲ್ಲಕ್ಕಿಂತ ಪ್ರಾಮಾಣಿಕವಾದದ್ದೆಂದು ತೋರುತ್ತಿತ್ತು.

ಮುರಗೆಪ್ಪನ ಕೈ ಕೆಚ್ಚಲಲ್ಲೇ ನಿಂತಿತು. "ಅಣ್ಣ ಅಂದನೇನು?"

"ಹೌದು. ಮುಟ್ಟಿತೇನಪಾ?"

"ಮುಟ್ಟಿತು" ಎಂದ ಮುರಗೆಪ್ಪ. "ಅಣ್ಣ ಹಿಂಗೆಲ್ಲಾ ಮಾತಾಡಾಂವಲ್ಲ. ಹ್ವಾದ ವಾರ ಸುದ್ದಾ, ಮೋಟಾರ ಕೆಲಸಕ್ಕ ನಮ್ಮ ಮುರಗನಂಥವ ಈ ಸೀಮ್ಯಾಗ ಇಲ್ಲ ಅಂದಿದ್ದ." ಆಮೇಲೆ ಅವನಿಗೂ ಸಿಟ್ಟು ಏರಿತು. "ಅವಂಗ ಹೇಳು, ಮೋಟಾರ ಹಚ್ಚೂದು ನಂಗ ಕಲಸಬ್ಯಾಡ ಅಂತ. ಕಟ್ಟಿ ಮ್ಯಾಲ ಕುಂತು ತಂಬಾಕ ತಿಕ್ಕೂದ ಬಿಟ್ರ ಜನ್ಮದಾಗ ಏನ ಮಾಡಿದ್ದಾನ ಅಂವ?"

ಅದೂ ಹಾಗೆಯೇ ಮುಟ್ಟಿತು. ಧರೆಪ್ಪ ಆ ಹೊತ್ತಿಗೆ ನಿಪ್ಪಾಣಿ ತಂಬಾಕನ್ನೇ ಅಂಗೈಯಲ್ಲಿ ತಿಕ್ಕುತ್ತಿದ್ದ. ಪೂರ್ತಿ ಕೇಳಿಸಿಕೊಂಡು, ತಿಕ್ಕಿದ್ದನ್ನು ಅಂಗಳಕ್ಕೆ ಚೆಲ್ಲಿದ. ತಮ್ಮ ತನ್ನನ್ನು ದೇವರಂತೆ ಕಾಣುತ್ತಾನೆ ಎಂದು ಅವನು ಬಹಳ ವರ್ಷಗಳಿಂದ ನಂಬಿದ್ದ. ಮಾತು ಬಿಟ್ಟಿದ್ದೇನೋ ನಿಜ, ಆದರೆ ಅವನ ಲೆಕ್ಕದಲ್ಲಿ ಅದೊಂದು ಮರ್ಯಾದೆಯ ಜಗಳವಾಗಿತ್ತು.

ಸಂಜೆಯ ತನಕ ರೂಪಾಲಿ ಮುಂದಕ್ಕೂ ಹಿಂದಕ್ಕೂ ನಡೆದಳು. ಅಜ್ಜನ ಕಾಲದ ಎತ್ತಿನ ಮಾತು ಬಂತು. ಯಾರ ಮದುವೆಯಲ್ಲಿ ಯಾರು ಉಂಡಿರಲಿಲ್ಲ ಎಂಬುದು ಬಂತು. ಟಾವರಿನ ಗೂಟವಂತೂ ಬಂದೇ ಬಂತು. ಯಾವ ಮಾತೂ ದಾರಿಯಲ್ಲಿ ಬೀಳಲಿಲ್ಲ. ಇಷ್ಟು ಚೊಕ್ಕವಾಗಿ ಚಿಕ್ಕೋಡಿ ಟಾವರು ಕೂಡ ಕೆಲಸ ಮಾಡುತ್ತಿರಲಿಲ್ಲ. ಶಿವಗಂಗವ್ವ ಹಾಸಿಗೆಯ ಮೇಲೆ ಕುಳಿತು, ಪ್ರತಿ ಸಲ ಅವಳು ದಾಟುವಾಗಲೂ ಸೀರೆಯ ಚುಂಗು ಹಿಡಿದು ಎಳೆಯುತ್ತಿದ್ದಳು. ರೂಪಾಲಿ ಬಿಡಿಸಿಕೊಂಡು ಹೋಗುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಎರಡೂ ತುದಿಯಿಂದ ಒಂದೇ ಮಾತು ಬಂತು. "ವಾಟ್ನಿ ಆಗ್ಲಿ." ಹೊಲ, ಮನೆ, ಬಾವಿ ಎಲ್ಲ ಪಾಲಾಗಲಿ. ಇಷ್ಟು ವರ್ಷದಲ್ಲಿ ಅವರಿಬ್ಬರು ಒಪ್ಪಿದ ಮೊದಲ ಮಾತು ಅದು. ರೂಪಾಲಿ ಅದನ್ನೂ ಮುಟ್ಟಿಸಿ ಬಂದು ಅತ್ತೆಯ ಕಾಲ ಬಳಿ ಕುಳಿತಳು. ಆಗ ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ಬೆಳಿಗ್ಗೆ ಒಂದಾಗಿದ್ದ ಮನೆ ಸಂಜೆಗೆ ಎರಡಾಗಿತ್ತು, ನಡುವೆ ಅಡ್ಡಾಡಿದವಳು ತಾನೊಬ್ಬಳೇ.

ಮರುದಿನ ಗೌಂಡಿ ಮಲಕಾರಿ ಬಂದ. ಊರಿನ ಅರ್ಧ ಮನೆಗಳ ಗೋಡೆ ಕಟ್ಟಿದವನು. ಕಟ್ಟಿದ್ದಕ್ಕಿಂತ ಹೆಚ್ಚಾಗಿ, ಇದ್ದ ಮನೆಗಳ ನಡುವೆ ಗೋಡೆ ಎಬ್ಬಿಸಿದವನು. ಅವನಿಗೆ ಇದರಲ್ಲಿ ಬೇಸರವೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಸುತಳಿ ಬಿಚ್ಚಿ, "ಇಬ್ರೂ ಇಲ್ಲೇ ನಿಂದರ್ರಿ, ಆಮ್ಯಾಲ ತಕರಾರ ಬ್ಯಾಡ" ಎಂದ. ಹೀಗಾಗಿ ಧರೆಪ್ಪ, ಮುರಗೆಪ್ಪ ಪಡಸಾಲೆಯ ಎರಡು ಬಾಗಿಲಲ್ಲಿ ಒಬ್ಬರಿಗೊಬ್ಬರು ಮುಖ ಕೊಡದೆ ನಿಂತರು.

"ರೂಪಾ, ಟಾವರ ಯಾರಿಗೆ ಅಂತ ಕೇಳು" ಎಂದ ಧರೆಪ್ಪ, ಹೊರಗೆ ನೋಡುತ್ತ.

"ಟಾವರಿನ ನಡುವ ಗ್ವಾಡಿ ಬರಂಗಿಲ್ರಿ" ಎಂದ ಮಲಕಾರಿ.

ರೂಪಾಲಿ ಇಡೀ ರಾತ್ರಿ ನಿದ್ದೆ ಮಾಡಿರಲಿಲ್ಲ. ಏನಾದರೂ ಮಾಡಲೇಬೇಕಿತ್ತು. ಅಪ್ಪನ ಹತ್ತಿರ ಹೋಗಿ ಮೆಲ್ಲಗೆ, "ಅಪ್ಪಾ, ದೊಡ್ಡಪ್ಪ ಹೇಳಾಕತ್ತಾನ, ನಮ್ಮ ಮುರಗಗ ಕಷ್ಟ ಆಗಬಾರ್ದು ಅಂತ" ಎಂದಳು. ಮುರಗೆಪ್ಪ ಅವಳ ಮುಖ ನೋಡಿದ. "ಅವನ ಬಾಯಾಗಿಂದ ಬಂತೇನು?" ರೂಪಾಲಿ ನೆಲ ನೋಡಿದಳು. ಸುಳ್ಳು ಹೇಳುವುದಕ್ಕೂ ವರ್ಷಗಳ ಅಭ್ಯಾಸ ಬೇಕು, ಅವಳು ಅದನ್ನು ಕಾಲೇಜಿನಲ್ಲಿ ಕಲಿತಿರಲಿಲ್ಲ.

ಮಲಕಾರಿ ಸುತಳಿಯ ಒಂದು ತುದಿಯನ್ನು ಪಡಸಾಲೆಯ ನಡುವೆ, ಎದುರು ಗೋಡೆಯ ಕಂಬಕ್ಕೆ ಕಟ್ಟಿದ. ಇನ್ನೊಂದು ತುದಿ ಹಿಡಿದು ಅಡ್ಡಲಾಗಿ ನೆಟ್ಟಗೆ ಎಳೆಯುತ್ತ ಹೋಗಿ, ಶಿವಗಂಗವ್ವನ ಹಾಸಿಗೆಯ ಮುಂದೆ ನಿಂತ. ಸುತಳಿ ಅವಳ ದಿಂಬಿನ ಮೇಲೆ ಹಾದುಹೋಗಿತ್ತು. ಅವಳು ತಲೆ ಸ್ವಲ್ಪ ಸರಿಸಿ ಕುಳಿತಳು.

"ಬರೋಬ್ಬರಿ ಎಳದ್ರ ಅಕ್ಕಾರ ಹಾಸಿಗಿ ನಡುವ ಬರ್ತೈತ್ರಿ" ಎಂದ ಮಲಕಾರಿ. "ಅಕ್ಕಾರು ಯಾ ಕಡೆ? ಹೇಳಿದ್ರ ಆ ಕಡೆ ಹಾಸಿಗಿ ಸರಸ್ತೀನಿ."

ಎಮ್ಮೆ, ಮೋಟಾರು, ಹಿತ್ತಲಿನ ತೆಂಗಿನ ಮರ ಎಲ್ಲ ಪಾಲಾಗಿದ್ದವು. ಅಕ್ಕನ ಹೆಸರನ್ನು ಯಾವ ತುದಿಯೂ ಎತ್ತಿರಲಿಲ್ಲ.

ಕಡೆಗೆ ಧರೆಪ್ಪ ಗೋಡೆಗೆ ಹೇಳಿದಂತೆ ಹೇಳಿದ, "ಅಕ್ಕ ಅವನ ಕಡೇನೇ ಅಲ್ಲೇನು? ಯಾವಾಗ ನೋಡಿದ್ರೂ ಅವನ ಸೈಡ ಹಿಡದ ಮಾತಾಡ್ತಿದ್ಲು."

"ನನ್ನ ಸೈಡ?" ಮುರಗೆಪ್ಪ ತಿರುಗಿ ನಿಂತ. ಸಿಟ್ಟಿನ ಭರದಲ್ಲಿ ಮಗಳ ಕಡೆ ತಿರುಗುವುದನ್ನು ಮರೆತು, ನೇರ ಅಣ್ಣನ ಮುಖಕ್ಕೇ ಹೇಳಿದ. "ದಿನಾ ನಿಂದ ಗುಣಗಾನ ಕೇಳಿ ಕೇಳಿ ಸಾಕಾಗೇತಿ ನಂಗ. ಅಣ್ಣ ಹಂಗಂದ, ಅಣ್ಣ ಹಿಂಗಂದ. ರೂಪಾ ಪಾಸಾದಾಗ ನೀ ಊರಿಗೆಲ್ಲಾ ಪೇಡೆ ಹಂಚಿದ್ದಿ ಅಂತ ಅಕ್ಕಾನ ಹೇಳಿದ್ಲು."

"ನಾ ಯಾಕ ಹಂಚಲಿ?" ಎಂದ ಧರೆಪ್ಪ, ಅವನೂ ನೇರವಾಗಿ. "ನೀ ನನ್ನ ಮೊಣಕಾಲ ನೋವಿಗೆ ಕಬ್ಬೂರಿಂದ ಎಣ್ಣಿ ತರಿಸಿ ಕಳಸಿದ್ದಿಯಲ್ಲ, ಅದಕ್ಕೇನಂತಿ?"

"ಯಾ ಎಣ್ಣಿ?"

"ಕರೇ ಬಾಟ್ಲಿ."

"ನಂಗ ನಿನ್ನ ಮೊಣಕಾಲ ನೋಯೂದ ಗೊತ್ತಿಲ್ಲ."

ಪೇಡೆ ಯಾರು ಹಂಚಿದರು, ಎಣ್ಣೆ ಯಾರು ತಂದರು, ಹಬ್ಬಕ್ಕೆ ಧೋತರ ಯಾರು ಆರಿಸಿದರು, ಬಾವಿಯಲ್ಲಿ ಮೋಟಾರು ಬಿದ್ದಾಗ 'ನನ್ನ ತಮ್ಮ ಹುಷಾರು' ಎಂದು ಕಣ್ಣೀರಿಟ್ಟವರು ಯಾರು ಎಂದು ಒಂದೊಂದಾಗಿ ನೆನಪಾಗುತ್ತ ಹೋದಂತೆ ಇಬ್ಬರ ಮುಖವೂ ಸಣ್ಣದಾಯಿತು. ರೂಪಾಲಿಗೆ ಬುತ್ತಿಯ ಅರಿವೆ ನೆನಪಾಯಿತು. ಅತ್ತೆ ಪ್ರತಿ ಸಲವೂ ಗಂಟು ಬಿಚ್ಚಿದ್ದಳು. ಹಳಸಿದ್ದನ್ನು ಪಡಸಾಲೆಯಲ್ಲೇ ಚೆಲ್ಲಿ, ತನ್ನ ಕೈಯಿಂದ ಬಿಸಿ ರೊಟ್ಟಿ ಇಟ್ಟು, ಮತ್ತೆ ಕಟ್ಟಿ, ಆ ಕಡೆ ಮುಟ್ಟಿಸಿದ್ದಳು. ಇಷ್ಟು ವರ್ಷ ಅಣ್ಣ ಪ್ರೀತಿ ಇಟ್ಟುಕೊಂಡದ್ದು ತಮ್ಮನ ಮೇಲಲ್ಲ, ತಮ್ಮ ಇಟ್ಟುಕೊಂಡದ್ದು ಅಣ್ಣನ ಮೇಲಲ್ಲ. ಇಬ್ಬರೂ ಇವಳ ಜೊತೆಗೇ ಮಾತಾಡಿಕೊಂಡಿದ್ದರು. ಟಾವರಿನ ಮುಖ್ಯ ಕಾಯ್ದೆಯನ್ನು ಅವಳು ದಿನಾ ಮುರಿದಿದ್ದಳು, ಮನೆ ನಿಂತದ್ದು ಅದರಿಂದಲೇ.

ಆಗ ಶಿವಗಂಗವ್ವ ಬಾಯಿ ತೆರೆದಳು. ಡಾಕ್ಟರ ಅಪ್ಪಣೆ ಅಲ್ಲಿಗೆ ಮುರಿಯಿತು. ದನಿ ಕಬ್ಬಿನ ಒಣಗರಿಯ ರವದಿ ತುಳಿದ ಹಾಗೆ ಬಂತು.

"ಗ್ವಾಡಿ ಕಟ್ರಿ" ಎಂದಳು. "ನಾ ಯಾ ಕಡೆನೂ ಸರಿಯಂಗಿಲ್ಲ. ನನ್ನ ಮ್ಯಾಲಿಂದ ಕಟ್ರಿ."

ಅಷ್ಟಕ್ಕೇ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಸೆರಗು ಬಾಯಿಗೆ ಒತ್ತಿಕೊಂಡಳು. ಸೆರಗಿನ ಮೇಲೆ ಕೆಂಪು ಚುಕ್ಕೆ ಮೂಡಿತು. ರೂಪಾಲಿ ಓಡಿ ಹೋಗಿ ಬೆನ್ನು ಸವರಿದಳು. ತಮ್ಮಂದಿರಿಬ್ಬರೂ ಒಂದೊಂದು ಹೆಜ್ಜೆ ಮುಂದೆ ಬಂದು, ಸುತಳಿ ಅಡ್ಡ ಇದ್ದುದರಿಂದ ಅಲ್ಲೇ ನಿಂತರು.

ಮಲಕಾರಿ ಹಾಸಿಗೆ ನೋಡಿದ, ಸುತಳಿ ನೋಡಿದ. "ಹಾಸಿಗಿ ಮ್ಯಾಲ ಪಾಯಾ ಬರಂಗಿಲ್ರಿ" ಎಂದ. ಕಂಬದ ಗಂಟು ಬಿಚ್ಚಿ, ಸುತಳಿ ಸುತ್ತಿಕೊಂಡು, ಚಹಾ ಕುಡಿಯದೆ ಹೊರಟುಹೋದ.

ಮಧ್ಯಾಹ್ನದ ತನಕ ಯಾರೂ ಹೊಲಕ್ಕೆ ಹೋಗಲಿಲ್ಲ. ಮೋಟಾರು ಚಾಲೂ ಆಗಲಿಲ್ಲ. ಹೊಲ ಒಣಗಿಯೇ ಇತ್ತು, ಟೋಳಿ ಬಂದರೆ ಬರಬಹುದಿತ್ತು. ರೂಪಾಲಿ ಕಟ್ಟೆಗೆ ಚಹಾ ಕೊಡಲು ಹೋದಾಗ ಧರೆಪ್ಪ ಲೋಟ ಮುಟ್ಟದೆ, "ಅಕ್ಕಗ ಹೇಳು, ಮಾತಾಡಬ್ಯಾಡಂತ. ಗಂಟಲಾ ನೋಯ್ತೈತಿ" ಎಂದ. ಹಿತ್ತಲಿಗೆ ಹೋದಾಗ ಮುರಗೆಪ್ಪ ಎಮ್ಮೆಯ ಮೈ ತಿಕ್ಕುತ್ತ, "ಅಕ್ಕಗ ಹೇಳವಾ, ಇನ್ನ ಮಾತಾಡಬ್ಯಾಡಂತ. ನೋಯ್ತೈತಿ" ಎಂದ.

ರೂಪಾಲಿ ಎರಡನ್ನೂ ಪಡಸಾಲೆಗೆ ತಂದಳು. ಬಿಚ್ಚುವಂಥದ್ದೂ ಇರಲಿಲ್ಲ, ಎಸೆಯುವಂಥದ್ದೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಅತ್ತಿ, ಮಾತಾಡಬ್ಯಾಡ ಅಂದ್ರು. ಗಂಟಲಾ ನೋಯ್ತೈತಿ ಅಂದ್ರು. ಇಬ್ರೂ."

ಶಿವಗಂಗವ್ವ ಅವಳನ್ನೇ ನೋಡಿದಳು. ಸೆರಗಿನ ತುದಿ ಹಿಡಿದು ಸಣ್ಣ ಗಂಟು ಕಟ್ಟಿದಳು, ಬಿಚ್ಚಿದಳು, ಒಳಗೆ ಏನನ್ನೋ ಇಟ್ಟಂತೆ ಮಾಡಿ ಮತ್ತೆ ಕಟ್ಟಿದಳು. ಆಮೇಲೆ ಸೊಸೆಯ ಗಲ್ಲ ತಟ್ಟಿ ಮೆಲ್ಲಗೆ ನಕ್ಕಳು. ಕೆಲಸ ಕಲಿತಿ ಎಂದು ಅದರ ಅರ್ಥ. ಈ ಮನೆಯಲ್ಲಿ ಒಳ್ಳೆಯ ಮಾತು ಎಲ್ಲಿ ತಯಾರಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು!

"ಇಲ್ಲ ಅತ್ತಿ, ಖರೇ ಅಂದ್ರು" ಎಂದಳು ರೂಪಾಲಿ. ಶಿವಗಂಗವ್ವ ಇರಲಿ ಬಿಡು ಎನ್ನುವಂತೆ ತಲೆಯಾಡಿಸಿದಳು. ರೂಪಾಲಿಗೆ ಅಳು ಬಂತು. ಎದ್ದು ಮುಂಬಾಗಿಲಿಗೆ ಹೋಗಿ, ಆಮೇಲೆ ಹಿತ್ತಲಿಗೆ ಹೋಗಿ, ಇಬ್ಬರಿಗೂ ಒಂದೇ ಮಾತು ಹೇಳಿದಳು. "ನಾ ಹೇಳಿದ್ರ ನಂಬವಲ್ಲಳು. ನೀವ ಬಂದ ಹೇಳ್ರಿ."

ಇಬ್ಬರೂ ಬಂದರು. ಎರಡು ಬಾಗಿಲಿನಿಂದ ಬಂದು, ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ಹಾಸಿಗೆಯ ಮುಂದೆ ನಿಂತರು. ಧರೆಪ್ಪ ಎರಡು ಸಲ ಗಂಟಲು ಸರಿಪಡಿಸಿಕೊಂಡ.

"ಅಕ್ಕಾ, ಹೆಂಗೈತಿ ನಿನಗ?" ಎಂದ.

ಶಿವಗಂಗವ್ವ ಕೇಳಿಸಿಕೊಂಡಳು. ಹಳೆಯ ರೂಢಿಯಂತೆ ನೆಲಕ್ಕೆ ಕೈಯೂರಿ ಎದ್ದು, ಆ ಮಾತನ್ನು ಮುಟ್ಟಿಸಲು ಮುರಗೆಪ್ಪನ ಕಡೆ ತಿರುಗಿದಳು. ಮುರಗೆಪ್ಪ ತಲೆ ಅಡ್ಡ ಆಡಿಸಿದ. "ನನಗಲ್ಲ ಅಕ್ಕಾ, ನಿನಗ ಕೇಳಾಕತ್ತಾನ" ಎಂದ.

ಅವಳು ಇಬ್ಬರನ್ನೂ ನೋಡಿದಳು. ಆ ಮಾತನ್ನು ಎಲ್ಲಿಗೂ ಒಯ್ಯಬೇಕಾಗಿರಲಿಲ್ಲ. ಮೆಲ್ಲಗೆ ಮತ್ತೆ ಹಾಸಿಗೆಯ ಮೇಲೆ ಕುಳಿತು, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.